ಆರದ ಕಿತ್ತಳೆ ದೀಪ: ಟೈರಿನ ಗಾಳಿ ಮತ್ತು ದುರಸ್ತಿಯ ರಾಜಕಾರಣ

ಜನವರಿಯ ಮುಂಜಾವು. ಸ್ಕೋಕಿಯ ಡೆಂಪ್‌ಸ್ಟರ್ ರಸ್ತೆಯ ಆಸುಪಾಸಿನ ಯಾವುದೇ ಬಾಡಿಗೆ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ ಹಿಮ ಕೆರೆದು ಹಳೆಯ ಕಾರೊಂದನ್ನು ಚಾಲೂ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪವೊಂದು ಮಿಣುಕತೊಡಗುತ್ತದೆ. ಕುದುರೆ ಲಾಳದಂಥ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಒಂದು ಒಂದೂವರೆ ನಿಮಿಷ ಮಿಣುಕಿ, ಆಮೇಲೆ ಸ್ಥಿರವಾಗಿ ಉರಿಯುತ್ತದೆ. ಪೆಟ್ರೋಲ್ ಬಂಕಿಗೆ ಹೋಗಿ ನಾಲ್ಕೂ ಟೈರುಗಳಿಗೆ ಗಾಳಿ ತುಂಬಿಸಿದರೂ ಆರುವುದಿಲ್ಲ. ಟೈರಿನೊಳಗೆ ಕುಳಿತು ಗಾಳಿಯ ಒತ್ತಡವನ್ನು ಅಳೆಯಬೇಕಾದ ಸೆನ್ಸರ್ ಒಡೆದಿದೆ, ಇಲ್ಲವೇ ಅದರ ಬ್ಯಾಟರಿ ಸತ್ತಿದೆ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಒಂದಕ್ಕೆ ಐವತ್ತು ಡಾಲರೋ ನೂರು ಡಾಲರೋ, ಅಂಗಡಿಯನ್ನು ಅವಲಂಬಿಸಿ. ಒಂದು ಸತ್ತರೆ ಉಳಿದ ಮೂರಕ್ಕೂ ಅದೇ ವಯಸ್ಸು, ನಾಲ್ಕನ್ನೂ ಬದಲಿಸುವುದು ಒಳ್ಳೆಯದು ಎಂಬ ಸಲಹೆಯೂ ಜೊತೆಗೆ ಬರುತ್ತದೆ.

ಈ ಸಂಗತಿ ಕನ್ನಡ ಕೂಟದ ಊಟದ ಮೇಜಿನಲ್ಲಿ ಪ್ರಸ್ತಾಪವಾದರೆ ಎರಡೇ ಬಗೆಯ ಉತ್ತರಗಳು ಸಿಗುತ್ತವೆ. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾದ ಹಿರಿಯರೊಬ್ಬರು, "ಆ ಹಳೇ ಗಾಡೀನ ಇನ್ನೂ ಎಷ್ಟು ದಿನ ಇಟ್ಕೋತೀಯಪ್ಪ, ಸುಮ್ನೆ ಲೀಸಿಗೆ ಹೊಸದೊಂದು ತಗೋ" ಎನ್ನುತ್ತಾರೆ. ಅವರ ಪಕ್ಕದಲ್ಲಿ ಕುಳಿತವರು ನಗುತ್ತಾ, "ಅದರ ಮೇಲೆ ಕಪ್ಪು ಟೇಪು ಅಂಟಿಸಿಬಿಡಿ, ಇಲಿನಾಯ್‌ನಲ್ಲಿ ಯಾರೂ ಕೇಳಲ್ಲ" ಎನ್ನುತ್ತಾರೆ. ಎರಡನೆಯವರ ಮಾತಿನಲ್ಲಿ ಸತ್ಯಾಂಶವಿದೆ. ಇಲಿನಾಯ್‌ನಲ್ಲಿ ಸಾಮಾನ್ಯ ಕಾರುಗಳಿಗೆ ನಿಯತಕಾಲಿಕ ಸುರಕ್ಷತಾ ತಪಾಸಣೆ ಇಲ್ಲ. ಚಿಕಾಗೋ ಸುತ್ತಲಿನ ಹೊಗೆ ಪರೀಕ್ಷೆಗೂ ಈ ದೀಪಕ್ಕೂ ಸಂಬಂಧವಿಲ್ಲ. ಆದರೂ ಎರಡೂ ಉತ್ತರಗಳು ಒಂದೇ ತಪ್ಪಿನ ಎರಡು ಮುಖಗಳು. ಒಂದು ಸಾರ್ವಜನಿಕ ಪ್ರಶ್ನೆಯನ್ನು ಕಾರಿನ ಒಡೆಯನ ಜೇಬಿಗೆ ತುರುಕುತ್ತದೆ. ಇನ್ನೊಂದು ಅದನ್ನು ಕಣ್ಣಿಗೆ ಕಾಣದಂತೆ ಮುಚ್ಚುತ್ತದೆ. ಆ ದೀಪ ಅಲ್ಲಿಗೆ ಹೇಗೆ ಬಂತು, ಅದು ಸತ್ತಾಗ ಅದರ ವೆಚ್ಚ ಯಾರ ತಲೆಗೆ ಬೀಳುತ್ತದೆ ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ.

ದೀಪದ ಹುಟ್ಟು

ಆ ದೀಪದ ಚರಿತ್ರೆ ಸ್ಕೋಕಿಯಿಂದ ಬಹಳ ದೂರದಲ್ಲೇನೂ ಇಲ್ಲ. ಇದೇ ಇಲಿನಾಯ್ ರಾಜ್ಯದಲ್ಲಿ, ಚಿಕಾಗೋದಿಂದ ಸುಮಾರು 180 ಮೈಲಿ ದಕ್ಷಿಣಕ್ಕೆ ಡಿಕೇಟರ್ ಎಂಬ ಕೈಗಾರಿಕಾ ಪಟ್ಟಣವಿದೆ. ತೊಂಬತ್ತರ ದಶಕದ ಮಧ್ಯಭಾಗದಲ್ಲಿ ಅಲ್ಲಿನ ಮೂರು ದೊಡ್ಡ ಕಾರ್ಖಾನೆಗಳಲ್ಲಿ ಏಕಕಾಲಕ್ಕೆ ಕಾರ್ಮಿಕ ಸಂಘರ್ಷ ನಡೆದು, ಊರಿಗೆ 'ಯುದ್ಧವಲಯ' ಎಂಬ ಹೆಸರೇ ಬಿದ್ದಿತ್ತು. ಎ.ಇ. ಸ್ಟೇಲಿ ಕಂಪನಿ ತನ್ನ ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಿತ್ತು, ಕ್ಯಾಟರ್‌ಪಿಲರ್‌ನಲ್ಲಿ ಮುಷ್ಕರವಿತ್ತು, ಬ್ರಿಜ್‌ಸ್ಟೋನ್-ಫೈರ್‌ಸ್ಟೋನ್ ಟೈರು ಕಾರ್ಖಾನೆಯಲ್ಲಿ 1994ರ ಜುಲೈನಲ್ಲಿ ಮುಷ್ಕರ ಆರಂಭವಾಯಿತು. ಹನ್ನೆರಡು ಗಂಟೆಗಳ ಸರದಿ ಪಾಳಿ ಮತ್ತು ಹೊಸಬರಿಗೆ ಕಡಿಮೆ ಕೂಲಿಯಂಥ ಷರತ್ತುಗಳನ್ನು ಕಂಪನಿ ಮುಂದಿಟ್ಟಿತ್ತು. ಕಾರ್ಮಿಕರು ಒಪ್ಪಲಿಲ್ಲ. ಕಂಪನಿ ಬದಲಿ ಕಾರ್ಮಿಕರನ್ನು ತಂದು ಟೈರು ತಯಾರಿಕೆಯನ್ನು ಮುಂದುವರಿಸಿತು. 1995ರ ಮೇ ತಿಂಗಳಲ್ಲಿ ಸಂಘ ಷರತ್ತಿಲ್ಲದೆ ಕೆಲಸಕ್ಕೆ ಮರಳಲು ಒಪ್ಪಬೇಕಾಯಿತು.

ಐದು ವರ್ಷಗಳ ನಂತರ, 2000ದ ಆಗಸ್ಟ್‌ನಲ್ಲಿ, ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಹೆದ್ದಾರಿಯ ವೇಗದಲ್ಲಿ ಟೈರಿನ ಮೇಲ್ಪದರ ಕಿತ್ತುಬಂದು, ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳು ಪಲ್ಟಿಯಾಗುತ್ತಿದ್ದವು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯ ಲೆಕ್ಕಕ್ಕೆ ಸಿಕ್ಕ ಸಾವುಗಳೇ 271. ಗಾಯಾಳುಗಳು 800ಕ್ಕೂ ಹೆಚ್ಚು. ದೋಷಯುಕ್ತ ಟೈರುಗಳ ಜಾಡು ಹಿಡಿದು ಹೋದವರೆಲ್ಲ ಡಿಕೇಟರ್‌ನ ಬಾಗಿಲಿಗೆ ಬಂದು ನಿಂತರು. ಅರ್ಥಶಾಸ್ತ್ರಜ್ಞರಾದ ಆಲನ್ ಕ್ರೂಗರ್ ಮತ್ತು ಅಲೆಕ್ಸಾಂಡರ್ ಮಾಸ್ 2004ರಲ್ಲಿ ಪ್ರಕಟಿಸಿದ ಅಧ್ಯಯನ ತಿಂಗಳು ತಿಂಗಳ ಲೆಕ್ಕವನ್ನು ಬಿಡಿಸಿಟ್ಟಿತು. ದೋಷದ ಪ್ರಮಾಣ ವಿಶೇಷವಾಗಿ ಏರಿದ್ದು ಎರಡು ಕಾಲಾವಧಿಗಳಲ್ಲಿ: 1994ರ ಆರಂಭದಲ್ಲಿ, ಕಂಪನಿ ಕೂಲಿ ಕಡಿತಕ್ಕೆ ಪಟ್ಟು ಹಿಡಿದಾಗ, ಮತ್ತು 1995ರ ಕೊನೆ, 1996ರ ಆರಂಭದಲ್ಲಿ, ಸೋತು ಮರಳಿದ ಕಾರ್ಮಿಕರೂ ಬದಲಿ ಕಾರ್ಮಿಕರೂ ಅಕ್ಕಪಕ್ಕ ನಿಂತು ದುಡಿಯುವಂತಾದಾಗ. ಬದಲಿ ಬಂದವರಿಗೆ ಕೆಲಸ ಬರುತ್ತಿರಲಿಲ್ಲ ಎಂಬ ಸರಳ ವಿವರಣೆ ಇಲ್ಲಿ ಸಾಲದು. ದುಡಿಯುವವನ ಮರ್ಯಾದೆ ಮುರಿದ ಕಾರ್ಖಾನೆಯಲ್ಲಿ ಟೈರಿನ ಪದರಗಳೂ ಒಂದಕ್ಕೊಂದು ಅಂಟಲಿಲ್ಲ ಎನ್ನುವುದು ಆ ಅಂಕಿಅಂಶಗಳು ಹೇಳುವ ಕಥೆ.

ಆದರೆ ಆ ಹೊತ್ತಿನ ಸಾರ್ವಜನಿಕ ಜಗಳ ನಡೆದದ್ದು ಕೂಲಿಯ ಬಗ್ಗೆಯಲ್ಲ, ಗಾಳಿಯ ಬಗ್ಗೆ. ಡೆಟ್ರಾಯ್ಟ್‌ನ ಮಗ್ಗುಲಿನ ಡಿಯರ್‌ಬಾರ್ನ್‌ನಲ್ಲಿ ಕುಳಿತ ಫೋರ್ಡ್ ಟೈರಿನ ಮೇಲೆ ದೂರಿತು. ಟೈರು ಕಂಪನಿ ವಾಹನದ ವಿನ್ಯಾಸದ ಮೇಲೆ, ಫೋರ್ಡ್ ಶಿಫಾರಸು ಮಾಡಿದ್ದ 26 ಪಿಎಸ್‌ಐ ಒತ್ತಡದ ಮೇಲೆ ದೂರಿತು. 2001ರ ಮೇ ತಿಂಗಳಲ್ಲಿ ಸುಮಾರು ಒಂದು ಶತಮಾನದ ಆ ವ್ಯಾಪಾರ ಸಂಬಂಧವೇ ಕಡಿದುಹೋಯಿತು. ಅದೇ ವರ್ಷದ ಕೊನೆಗೆ ಡಿಕೇಟರ್ ಕಾರ್ಖಾನೆ ಮುಚ್ಚಿತು. ಎರಡು ಆನೆಗಳ ಕಾದಾಟದಲ್ಲಿ ಹುಲ್ಲಿಗೆ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಈ ಸಾವುಗಳ ನೆರಳಿನಲ್ಲಿ 2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದು 'ಟ್ರೆಡ್' ಕಾಯಿದೆಗೆ. ತಯಾರಕರು ದೋಷಗಳ ಸುಳಿವನ್ನು ಮೊದಲೇ ಸರ್ಕಾರಕ್ಕೆ ವರದಿ ಮಾಡಬೇಕು ಎಂಬುದನ್ನು ಅದು ಕಡ್ಡಾಯ ಮಾಡಿತು. ಜೊತೆಗೆ ಪ್ರತಿ ಹೊಸ ಕಾರಿನಲ್ಲೂ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಇರಬೇಕೆಂದಿತು. ಇದೂ ಸುಲಭವಾಗಿ ಕೈಗೂಡಲಿಲ್ಲ. 2002ರಲ್ಲಿ ಬುಷ್ ಆಡಳಿತ ತಂದ ನಿಯಮ, ನಾಲ್ಕರಲ್ಲಿ ಒಂದು ಟೈರಿನ ಕೊರತೆಯನ್ನು ಪತ್ತೆಹಚ್ಚಿದರೂ ಸಾಕು ಎಂಬ ರಿಯಾಯಿತಿಯನ್ನು ತಯಾರಕರಿಗೆ ಕೊಟ್ಟಿತ್ತು. ರಾಲ್ಫ್ ನೇಡರ್ ಸ್ಥಾಪಿಸಿದ 'ಪಬ್ಲಿಕ್ ಸಿಟಿಜನ್' ಸಂಸ್ಥೆ ಮತ್ತಿತರರು ನ್ಯಾಯಾಲಯದ ಮೆಟ್ಟಿಲೇರಿದರು. 2003ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. 2005ರಲ್ಲಿ ಹೊಸ ನಿಯಮ ಬಂತು. 2007ರ ಸೆಪ್ಟೆಂಬರ್ 1ರ ನಂತರ ತಯಾರಾದ ಎಲ್ಲ ಹಗುರ ವಾಹನಗಳಿಗೂ ಅದು ಅನ್ವಯವಾಯಿತು. ನಾಲ್ಕರಲ್ಲಿ ಯಾವ ಟೈರಿನ ಒತ್ತಡವೇ ಆಗಲಿ, ಶಿಫಾರಸಿಗಿಂತ ಶೇ. 25ರಷ್ಟು ಕುಸಿದರೆ ದೀಪ ಹೊತ್ತಬೇಕು.

ಈ ಸಾಧನ ಕೆಲಸ ಮಾಡುತ್ತದೆ ಎಂಬುದನ್ನೂ ಒಪ್ಪಬೇಕು. ಇದು ಇರುವ ಕಾರುಗಳಲ್ಲಿ ಟೈರುಗಳು ಅಪಾಯಕಾರಿಯಾಗಿ ಗಾಳಿ ಕಳೆದುಕೊಂಡಿರುವ ಸಾಧ್ಯತೆ ಶೇ. 55.6ರಷ್ಟು ಕಡಿಮೆ ಎಂದು ಸುರಕ್ಷತಾ ಸಂಸ್ಥೆಯ 2012ರ ಮೌಲ್ಯಮಾಪನ ಹೇಳಿತು. ಅಂದರೆ ಆ ಕಿತ್ತಳೆ ದೀಪ ಸರ್ಕಾರ ಹೇರಿದ ಕಿರಿಕಿರಿಯಲ್ಲ. ಅದು ಸತ್ತವರ, ಮುಷ್ಕರದಲ್ಲಿ ಸೋತವರ, ನ್ಯಾಯಾಲಯದಲ್ಲಿ ಗೆದ್ದವರ ಗಳಿಕೆ. ಅದರ ಮೇಲೆ ಕಪ್ಪು ಟೇಪು ಅಂಟಿಸುವ ಮೊದಲು ಈ ಮಾತು ನೆನಪಿರಬೇಕು.

ಮೊಹರು ಮಾಡಿದ ಬ್ಯಾಟರಿ

ಹಾಗಾದರೆ ದೋಷ ಎಲ್ಲಿದೆ? ಕಾಯಿದೆ ಕಾರಿನ ಹುಟ್ಟಿನ ಬಗ್ಗೆ ಯೋಚಿಸಿತು, ಮುಪ್ಪಿನ ಬಗ್ಗೆ ಯೋಚಿಸಲಿಲ್ಲ. ಷೋರೂಮಿನಿಂದ ಹೊರಬರುವ ಕಾರಿನಲ್ಲಿ ಎಚ್ಚರಿಕೆಯ ವ್ಯವಸ್ಥೆ ಇರಬೇಕು ಎಂದು ನಿಯಮ ಹೇಳುತ್ತದೆ. ಅದರ ಸೆನ್ಸರಿನ ಬ್ಯಾಟರಿಯನ್ನು ಬದಲಿಸುವಂತಿರಬೇಕು ಎಂದು ಹೇಳುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಪ್ರತಿ ಚಕ್ರದೊಳಗೂ, ವಾಲ್ವಿನ ಬುಡಕ್ಕೆ, ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಒಳಗೆ ಒತ್ತಡ ಅಳೆಯುವ ಚಿಪ್ಪು, ರೇಡಿಯೋ ಸಂಕೇತ ಕಳಿಸುವ ಭಾಗ, ಒಂದು ಸಣ್ಣ ಲಿಥಿಯಂ ಸೆಲ್ಲು. ಇಡೀ ಪೆಟ್ಟಿಗೆಯನ್ನು ರಾಳದಂಥ ವಸ್ತುವಿನಿಂದ ತುಂಬಿ ಮೊಹರು ಮಾಡಲಾಗಿದೆ. ಸೆಲ್ಲಿನ ಆಯಸ್ಸು ಐದರಿಂದ ಹತ್ತು ವರ್ಷ. ಗೋಡೆ ಗಡಿಯಾರದ ಸೆಲ್ಲು ಮುಗಿದರೆ ಸೆಲ್ಲು ಬದಲಿಸುತ್ತಾರೆ. ಇಲ್ಲಿ ಸೆಲ್ಲು ಮುಗಿದರೆ ಗಡಿಯಾರವನ್ನೇ ಎಸೆಯಬೇಕು. ಚಕ್ರದ ಧೂಳು, ತೇವ, ಕುಲುಕಾಟವನ್ನು ತಡೆಯಲು ಮೊಹರು ಅಗತ್ಯ ಎಂಬ ವಾದವಿದೆ. ಆ ವಾದ ನಿಜವೇ ಆಗಿದ್ದರೆ, ಕಾರಿನಷ್ಟು ಕಾಲ ಬಾಳುವ ಸೆಲ್ಲನ್ನು ಕೊಡುವ ಹೊಣೆ ತಯಾರಕನದಾಗಬೇಕಿತ್ತು.

2024ರಲ್ಲಿ ಅಮೆರಿಕದ ರಸ್ತೆಗಳ ಮೇಲಿನ ವಾಹನಗಳ ಸರಾಸರಿ ವಯಸ್ಸು 12.6 ವರ್ಷ. ಸೆನ್ಸರಿನ ಆಯಸ್ಸು ಅದಕ್ಕಿಂತ ಕಡಿಮೆ. ಅಂದರೆ ಸರಾಸರಿ ಕಾರೇ ತನ್ನ ಸೆನ್ಸರುಗಳ ಸಾವನ್ನು ಕಂಡಿರುತ್ತದೆ. ಇದಕ್ಕೆ ಚಿಕಾಗೋ ಸೀಮೆಯ ಚಳಿಗಾಲದ ಉಪ್ಪು ಸೇರಿಕೊಳ್ಳುತ್ತದೆ. ಈಡನ್ಸ್ ಹೆದ್ದಾರಿಯ ಮೇಲೆ ಸುರಿದ ಉಪ್ಪುನೀರು ಚಕ್ರಕ್ಕೆ ಸಿಡಿದು, ಅಲ್ಯೂಮಿನಿಯಂ ವಾಲ್ವು ಮತ್ತು ಅದರೊಳಗಿನ ಹಿತ್ತಾಳೆಯ ತಿರುಳು ಒಂದಕ್ಕೊಂದು ಕಚ್ಚಿಕೊಂಡು ತುಕ್ಕಾಗುತ್ತವೆ. ಗಾಳಿ ಪರೀಕ್ಷಿಸಲು ಮುಚ್ಚಳ ತಿರುಗಿಸಿದರೆ ಕಾಂಡವೇ ಮುರಿದು ಕೈಗೆ ಬರುತ್ತದೆ. ಟೈರು ಬದಲಿಸುವಾಗ ಯಂತ್ರದ ತುದಿ ತಾಗಿ ಸೆನ್ಸರ್ ಒಡೆಯುವುದೂ ಉಂಟು.

ಹೊಸ ಸೆನ್ಸರ್ ತಂದರೂ ಕಥೆ ಮುಗಿಯುವುದಿಲ್ಲ. ಪ್ರತಿ ಸೆನ್ಸರಿಗೂ ತನ್ನದೇ ಒಂದು ಗುರುತು ಸಂಖ್ಯೆ ಇರುತ್ತದೆ. ಕಾರಿನ ಕಂಪ್ಯೂಟರಿಗೆ ಅದನ್ನು ಪರಿಚಯಿಸಬೇಕು. ಕೆಲವು ಕಾರುಗಳಲ್ಲಿ ಚಾಲಕನೇ ಗುಂಡಿ ಒತ್ತಿ ಇದನ್ನು ಮಾಡಬಹುದು, ಕೆಲವು ತಾವಾಗಿಯೇ ಕಲಿತುಕೊಳ್ಳುತ್ತವೆ. ಉಳಿದವುಗಳಿಗೆ ನೂರಾರು ಡಾಲರ್ ಬೆಲೆಯ ಸ್ಕ್ಯಾನರ್ ಬೇಕು, ಆ ಸ್ಕ್ಯಾನರಿಗೆ ವರ್ಷ ವರ್ಷ ಹೊಸ ತಂತ್ರಾಂಶ ಬೇಕು. ಐವತ್ತು ಡಾಲರಿನ ಬಿಲ್ಲಿನಲ್ಲಿ ಲೋಹಕ್ಕೆ ಕೊಟ್ಟದ್ದೆಷ್ಟು, ಶ್ರಮಕ್ಕೆ ಕೊಟ್ಟದ್ದೆಷ್ಟು, ಕೀಲಿಕೈ ಹಿಡಿದು ಕುಳಿತವನಿಗೆ ಕೊಟ್ಟದ್ದೆಷ್ಟು ಎಂಬುದನ್ನು ಬಿಡಿಸಿ ನೋಡಿದರೆ ಇಡೀ ಪದ್ಧತಿಯ ಸ್ವರೂಪ ಗೊತ್ತಾಗುತ್ತದೆ.

ಬೇರೆ ದಾರಿ ಇರಲಿಲ್ಲವೆಂದಲ್ಲ. ಹೋಂಡಾ, ಮಾಜ್ದಾ, ಫೋಕ್ಸ್‌ವ್ಯಾಗನ್ ಕಂಪನಿಗಳ ಹಲವು ಮಾದರಿಗಳು ಚಕ್ರದೊಳಗೆ ಸೆನ್ಸರನ್ನೇ ಇಡುವುದಿಲ್ಲ. ಗಾಳಿ ಕಡಿಮೆಯಾದ ಟೈರು ಸುತ್ತುವ ರೀತಿಯೇ ಬೇರೆ. ಬ್ರೇಕು ವ್ಯವಸ್ಥೆಗೆಂದು ಹೇಗೂ ಇರುವ ಚಕ್ರವೇಗದ ಅಳತೆಯಿಂದಲೇ ಅದನ್ನು ಅವು ಕಂಡುಹಿಡಿಯುತ್ತವೆ. ಇದರಲ್ಲಿ ಕೊರತೆಗಳಿವೆ: ಒತ್ತಡದ ನಿಖರ ಅಂಕಿ ಸಿಗುವುದಿಲ್ಲ, ಗಾಳಿ ತುಂಬಿಸಿದ ಮೇಲೆ ಚಾಲಕ ಮರೆಯದೆ ರೀಸೆಟ್ ಮಾಡಬೇಕು. ಆದರೆ ಅಲ್ಲಿ ಸಾಯಲು ಸೆಲ್ಲೇ ಇಲ್ಲ. ಬಿಸಾಡುವ ಸೆನ್ಸರ್ ವಿಧಿಲಿಖಿತವಲ್ಲ, ಯಾರೋ ಮಾಡಿದ ಆಯ್ಕೆ ಎಂಬುದಕ್ಕೆ ಇದೇ ಸಾಕ್ಷಿ.

ಈ ಸೆನ್ಸರಿನ ಇನ್ನೊಂದು ಮುಖ ಪ್ರಗತಿಪರರ ಗಮನಕ್ಕೂ ಬಿದ್ದಿಲ್ಲ. ಅದು ತನ್ನ ಗುರುತು ಸಂಖ್ಯೆಯನ್ನು ಗಾಳಿಯಲ್ಲಿ ಸಾರುತ್ತಾ ಓಡುತ್ತದೆ. ಆ ಸಂಕೇತಕ್ಕೆ ಗೂಢಲಿಪಿಯ ರಕ್ಷಣೆ ಇಲ್ಲವೆಂದೂ, ನಲವತ್ತು ಮೀಟರ್ ದೂರದಿಂದ ಅದನ್ನು ಓದಬಹುದೆಂದೂ, ಆ ಮೂಲಕ ಕಾರಿನ ಚಲನವಲನ ಗುರುತಿಸಬಹುದೆಂದೂ ರಟ್ಗರ್ಸ್ ಮತ್ತು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು 2010ರಲ್ಲೇ ತೋರಿಸಿದ್ದರು. ವೀಸಾ ಕಾಗದಗಳ ಮೇಲೆ ಬದುಕು ಕಟ್ಟಿಕೊಂಡವರಿಗೆ ಈ ಸಂಗತಿ ಕ್ಷುಲ್ಲಕವಾಗಿ ಕಾಣಬಾರದು.

ಸದಾ ಉರಿಯುವ ದೀಪ ಏನನ್ನೂ ಹೇಳುವುದಿಲ್ಲ

ಸೆನ್ಸರ್ ಸತ್ತ ಕಾರಿನ ನಿಜವಾದ ಅಪಾಯ ಬೇರೆ. ಹೆಚ್ಚಿನ ಹಳೆಯ ಕಾರುಗಳಲ್ಲಿ ದೋಷಕ್ಕೂ ಗಾಳಿಯ ಕೊರತೆಗೂ ಒಂದೇ ದೀಪ. ಮೊದಲ ನಿಮಿಷದ ಮಿಣುಕಾಟ ಮುಗಿದ ಮೇಲೆ, ಸೆನ್ಸರ್ ಸತ್ತಿದೆಯೋ ಟೈರು ಸಾಯುತ್ತಿದೆಯೋ ಎಂದು ಆ ದೀಪ ಹೇಳಲಾರದು. ಸತ್ತ ಒಂದು ಸೆನ್ಸರಿನ ನೆಪದಲ್ಲಿ, ಬದುಕಿರುವ ಮೂರರ ಎಚ್ಚರಿಕೆಯೂ ಮೌನವಾಗುತ್ತದೆ. ಹೊರಗಿನ ತಾಪಮಾನ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರಿನ ಎಪ್ಪತ್ತು ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿಸಿದ ಟೈರು ಸೊನ್ನೆ ಡಿಗ್ರಿಯ ಜನವರಿ ಮುಂಜಾವಿನಲ್ಲಿ 26ರ ಹತ್ತಿರ ಬಂದು ನಿಂತಿರುತ್ತದೆ; ಸಣ್ಣ ಸೋರಿಕೆ ಸೇರಿದರೆ ಎಚ್ಚರಿಕೆಯ ಗೆರೆ ದಾಟುತ್ತದೆ. ಎಚ್ಚರಿಕೆ ಅತಿ ಹೆಚ್ಚು ಬೇಕಾದ ಋತುವಿನಲ್ಲೇ, ಅದನ್ನು ಕಳೆದುಕೊಂಡಿರುವವರು ಹಳೆಯ ಕಾರಿನವರು.

ಈ ಹಳೆಯ ಕಾರಿನವರು ಯಾರು? ಬಂದ ವರ್ಷವೇ ಐದಾರು ಸಾವಿರ ಡಾಲರಿಗೆ ಲಕ್ಷ ಮೈಲಿ ಓಡಿದ ಕಾರು ಕೊಂಡ ವಿದ್ಯಾರ್ಥಿ. ಕೆಲಸ ಕಳೆದುಕೊಂಡು ಅರವತ್ತು ದಿನಗಳ ಗಡುವು ಎಣಿಸುತ್ತಿರುವ ಎಚ್‌1ಬಿ ನೌಕರ. ಮಕ್ಕಳನ್ನು ಶಾಲೆಗೆ ಬಿಡಲು ಮನೆಯ ಎರಡನೆಯ, ಹಳೆಯ ಗಾಡಿಯನ್ನು ನೆಚ್ಚಿಕೊಂಡ ಗೃಹಿಣಿ. ಕನ್ನಡಿಗರ ವಲಯದಾಚೆ, ಆಸ್ಪತ್ರೆಯ ರಾತ್ರಿ ಪಾಳಿಗೆ ಹೋಗುವ ಫಿಲಿಪಿನೋ ನರ್ಸ್, ಗೋದಾಮಿಗೆ ಹೋಗುವ ಮೆಕ್ಸಿಕನ್ ಕಾರ್ಮಿಕ. 'ಹೊಸದು ತಗೋ' ಎಂಬ ಸಲಹೆ ಇವರೆಲ್ಲರ ಮುಖಕ್ಕೆ ಹೇಳುವುದು ಇಷ್ಟೇ: ಸುರಕ್ಷತೆ ಬೇಕಿದ್ದರೆ ಸಾಲ ಮಾಡು. ಕಾಯಿದೆ ಎಲ್ಲರಿಗೂ ಕೊಟ್ಟದ್ದನ್ನು ಮಾರುಕಟ್ಟೆ ಹತ್ತು ವರ್ಷಗಳ ನಂತರ ಬಡವರಿಂದ ಮಾತ್ರ ಕಿತ್ತುಕೊಳ್ಳುತ್ತದೆ.

ಪಂಕ್ಚರ್ ಅಂಗಡಿಯ ಜ್ಞಾನ

ಕರ್ನಾಟಕದ ಹೆದ್ದಾರಿಗಳಲ್ಲಿ ಓಡಾಡಿದವರಿಗೆಲ್ಲ ಪರಿಚಿತ ದೃಶ್ಯವೊಂದಿದೆ. ರಸ್ತೆ ಪಕ್ಕದಲ್ಲಿ ನಿಲ್ಲಿಸಿದ ಹಳೆಯ ಟೈರು, ಅದರ ಮೇಲೆ ಬಿಳಿ ಬಣ್ಣದಲ್ಲಿ 'ಪಂಕ್ಚರ್' ಎಂಬ ಅಕ್ಷರ, ಒಳಗೆ ಒಂದು ಕಂಪ್ರೆಸರು, ಒಂದು ನೀರಿನ ತೊಟ್ಟಿ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಎಲ್ಲಿಂದ ಗುಳ್ಳೆ ಏಳುತ್ತದೆಂದು ನೋಡುವ ಆ ವಿದ್ಯೆಗೆ ಯಾವ ಸ್ಕ್ಯಾನರೂ ಬೇಕಿಲ್ಲ. ಟೈರನ್ನು ಬೆರಳಿನಿಂದ ತಟ್ಟಿ ಗಾಳಿ ಎಷ್ಟಿದೆಯೆಂದು ಅಂದಾಜಿಸುವ ಕೈಗಳು ಅಲ್ಲಿವೆ. ಆ ಜ್ಞಾನಕ್ಕೆ ಸಮಾಜ ಕೊಟ್ಟ ಗೌರವ ಎಂಥದ್ದು? 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಪುರಭವನದ ಎದುರು ನಡೆದ ಪೌರತ್ವ ತಿದ್ದುಪಡಿ ಕಾಯಿದೆಯ ಪರ ಸಭೆಯಲ್ಲಿ ಸಂಸದ ತೇಜಸ್ವಿ ಸೂರ್ಯ, ಕಾಯಿದೆಯನ್ನು ವಿರೋಧಿಸುವವರು ಅನಕ್ಷರಸ್ಥರು, ಪಂಕ್ಚರ್ ಹಾಕುವವರು ಎಂಬರ್ಥದ ಮಾತಾಡಿದರು. ಒಂದು ಕಸುಬಿನ ಹೆಸರು ಬೈಗುಳವಾಯಿತು. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ಸಾರಿದ ನಾಡಿನ ರಾಜಧಾನಿಯಲ್ಲಿ ಇದು ನಡೆಯಿತು. ಅನಿವಾಸಿ ಕನ್ನಡಿಗರ ಎಷ್ಟೋ ವಾಟ್ಸ್ಆ್ಯಪ್ ಗುಂಪುಗಳು ಇಂಥ ಹಾಸ್ಯಕ್ಕೆ ಚಪ್ಪಾಳೆ ತಟ್ಟುತ್ತವೆ.

ಆ ತಾತ್ಸಾರಕ್ಕೂ ಮೊಹರು ಮಾಡಿದ ಸೆನ್ಸರಿಗೂ ನಂಟಿದೆ. ರಿಪೇರಿ ಮಾಡುವವನು ಕೀಳು, ವಿನ್ಯಾಸ ಮಾಡುವವನು ಮೇಲು ಎಂದು ನಂಬಿದ ಮನಸ್ಸಿಗೆ, ರಿಪೇರಿಯೇ ಸಾಧ್ಯವಾಗದ ವಸ್ತುವನ್ನು ರೂಪಿಸುವುದು ತಪ್ಪೆನಿಸುವುದಿಲ್ಲ. ಡೆಟ್ರಾಯ್ಟ್ ಸುತ್ತಲಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ನೆಲೆಸಿ ವಾಹನೋದ್ಯಮದಲ್ಲಿ ದುಡಿಯುವ ಕನ್ನಡಿಗ ಇಂಜಿನಿಯರುಗಳು ಕಡಿಮೆಯೇನಿಲ್ಲ. ಚಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದ ಸಭೆಯಲ್ಲಿ ಬಿಲ್ಲಿನ ಬಗ್ಗೆ ಗೊಣಗುವವರೂ, ಡೆಟ್ರಾಯ್ಟ್‌ನ ಪಂಪ ಕನ್ನಡ ಕೂಟದ ಸಭೆಯಲ್ಲಿ ಉದ್ಯಮದ ಪರವಾಗಿ ಸಮಜಾಯಿಷಿ ಕೊಡುವವರೂ ಒಂದೇ ಭಾಷೆಯ, ಒಂದೇ ಕಾಲೇಜುಗಳ ಮಕ್ಕಳು. ವೆಚ್ಚ ತಗ್ಗಿಸುವ ಸಭೆಯಲ್ಲಿ ಕುಳಿತಾಗ ಈ ಭಾಗವನ್ನು ಹದಿನೈದು ವರ್ಷಗಳ ನಂತರ ಯಾರು, ಯಾವ ಉಪಕರಣದಿಂದ ಬಿಚ್ಚುತ್ತಾರೆ ಎಂದು ಕೇಳುವ ಅವಕಾಶ ಇವರಲ್ಲಿ ಕೆಲವರಿಗಾದರೂ ಇದೆ. ಅದನ್ನು ಕೇಳದಿರುವುದೂ ಒಂದು ರಾಜಕೀಯ ನಿಲುವೇ.

ಭಾರತವೂ ಅದೇ ದಾರಿ ಹಿಡಿದಿದೆ. ಗಾಳಿಯೊತ್ತಡ ನಿಗಾ ವ್ಯವಸ್ಥೆ ಮತ್ತು ರಿಪೇರಿ ಕಿಟ್ಟು ಇರುವ ಕಾರುಗಳಲ್ಲಿ ಸ್ಟೆಪ್ನಿ ಇಡಬೇಕಾಗಿಲ್ಲ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ನಿಯಮ ಬದಲಿಸಿತು. ಹತ್ತು ವರ್ಷಗಳ ನಂತರ ಆ ಸೆನ್ಸರುಗಳು ಸತ್ತಾಗ, ಚಳ್ಳಕೆರೆಯಿಂದಾಚೆ ನಡುದಾರಿಯಲ್ಲಿ ನಿಂತ ಕಾರಿನಲ್ಲಿ ದೀಪವೂ ಇರುವುದಿಲ್ಲ, ಸ್ಟೆಪ್ನಿಯೂ ಇರುವುದಿಲ್ಲ. ಆಗ ಕರೆಯಬೇಕಾಗುವುದು ಅದೇ ಪಂಕ್ಚರ್ ಹಾಕುವವನನ್ನು.

ಕೇಳಬೇಕಾದದ್ದು

ವೈಯಕ್ತಿಕ ಮಟ್ಟದಲ್ಲಿ ಮಾಡಬೇಕಾದದ್ದು ಸರಳ. ಹತ್ತು ಡಾಲರಿನ ಗೇಜು ಕೊಂಡು, ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿರುವ ಒತ್ತಡಕ್ಕೆ, ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಪರೀಕ್ಷಿಸಬೇಕು. ಹಣವಿದ್ದರೆ, ಟೈರು ಹೇಗೂ ಬಿಚ್ಚುವ ದಿನವೇ ಸೆನ್ಸರ್ ಬದಲಿಸಿದರೆ ಕೂಲಿ ಉಳಿಯುತ್ತದೆ. ಹಣವಿಲ್ಲದವರು ಭಯಪಡಬೇಕಾಗಿಲ್ಲ: ಕೆಲಸ ಮಾಡುತ್ತಿರುವ ಸೆನ್ಸರನ್ನು ಅಂಗಡಿಯವನು ತಿಳಿದೂ ನಿಷ್ಕ್ರಿಯಗೊಳಿಸುವಂತಿಲ್ಲ, ಆದರೆ ಅಂಗಡಿಗೆ ಬರುವ ಮೊದಲೇ ಸತ್ತಿದ್ದ ಸೆನ್ಸರಿನ ಜಾಗದಲ್ಲಿ ಸಾಮಾನ್ಯ ರಬ್ಬರ್ ವಾಲ್ವು ಹಾಕಿಕೊಟ್ಟರೆ ಅದು ಕಾನೂನುಭಂಗವಲ್ಲ ಎಂದು ಸುರಕ್ಷತಾ ಸಂಸ್ಥೆ 2011ರಲ್ಲಿ ಸ್ಪಷ್ಟಪಡಿಸಿದೆ. ನಾಲ್ಕನ್ನೂ ಬದಲಿಸದೆ ಕಾರು ಹೊರಬಿಡುವುದಿಲ್ಲ ಎನ್ನುವವರಿಗೆ ಈ ಮಾತನ್ನು ನೆನಪಿಸಬಹುದು.

ಆದರೆ ಇದು ಗೇಜಿನಲ್ಲಿ ಮುಗಿಯುವ ಪ್ರಶ್ನೆಯಲ್ಲ. ಮ್ಯಾಸಚೂಸೆಟ್ಸ್‌ನ ಮತದಾರರು 2012ರಲ್ಲಿ ಕಾರು ದುರಸ್ತಿಯ ಹಕ್ಕನ್ನು ಭಾರೀ ಬಹುಮತದಿಂದ ಗೆದ್ದುಕೊಂಡರು. 2020ರಲ್ಲಿ ವಾಹನದ ವೈರ್‌ಲೆಸ್ ಮಾಹಿತಿಗೂ ಅದನ್ನು ವಿಸ್ತರಿಸಿದಾಗ ತಯಾರಕರ ಒಕ್ಕೂಟ ನ್ಯಾಯಾಲಯಕ್ಕೆ ಓಡಿತು. ಇಲಿನಾಯ್‌ನ ಮೊಲೀನ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಜಾನ್ ಡಿಯರ್ ಕಂಪನಿ ಟ್ರ್ಯಾಕ್ಟರ್ ದುರಸ್ತಿಯನ್ನು ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದೆ ಎಂದು ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ಇಲಿನಾಯ್ ರಾಜ್ಯವೂ ಅದರಲ್ಲಿ ಕೈಜೋಡಿಸಿತು. ರೈತನ ಟ್ರ್ಯಾಕ್ಟರಿಗೆ ಅನ್ವಯವಾಗುವ ನ್ಯಾಯ ವಲಸಿಗನ ಹಳೆಯ ಕಾರಿಗೂ ಅನ್ವಯವಾಗಬೇಕು. ಬದಲಿಸಬಹುದಾದ ಸೆಲ್ಲು ಅಥವಾ ಕಾರಿನಷ್ಟೇ ಬಾಳಿಕೆಯ ಖಾತರಿ, ಸ್ಕ್ಯಾನರಿಲ್ಲದೆ ಚಾಲಕನ ಆಸನದಿಂದಲೇ ಹೊಸ ಸೆನ್ಸರನ್ನು ಪರಿಚಯಿಸುವ ವ್ಯವಸ್ಥೆ, ಸತ್ತ ಸೆನ್ಸರಿಗೂ ಸೋರುವ ಟೈರಿಗೂ ಬೇರೆ ಬೇರೆ ದೀಪ, ಸಂಕೇತಕ್ಕೆ ಗೂಢಲಿಪಿ. ಇವು ನಾಲ್ಕೂ ಇಂದಿನ ತಂತ್ರಜ್ಞಾನಕ್ಕೆ ಮೀರಿದ ಬೇಡಿಕೆಗಳಲ್ಲ. ಪೌರತ್ವ ಪಡೆದವರು ಮತದ ಮೂಲಕ, ಪಡೆಯದವರು ಶಾಸಕರಿಗೆ ಪತ್ರದ ಮೂಲಕ, ಇಂಜಿನಿಯರುಗಳು ತಮ್ಮ ಸಭೆಗಳಲ್ಲಿ ಇವನ್ನು ಕೇಳಬಹುದು. ಬೇಸಿಗೆಯ ಪಿಕ್ನಿಕ್ಕಿನಲ್ಲಿ ಅಂತ್ಯಾಕ್ಷರಿಗೆ ಮೀಸಲಿಡುವ ಸಮಯದಲ್ಲಿ ಅರ್ಧ ಗಂಟೆಯನ್ನು ಹೊಸದಾಗಿ ಬಂದವರಿಗೆ ಗೇಜು ಹಿಡಿಯಲು ಕಲಿಸುವುದಕ್ಕೆ ಕನ್ನಡ ಕೂಟಗಳು ಕೊಟ್ಟರೆ ಯಾವ ಸಂಸ್ಕೃತಿಗೂ ಧಕ್ಕೆಯಾಗದು.

ಡಿಕೇಟರ್‌ನ ಕಾರ್ಮಿಕರು ತಮ್ಮ ಪಾಳಿಯ ಬಗ್ಗೆ ಕೇಳಿದ ಪ್ರಶ್ನೆಗೆ ಆ ದಿನ ಯಾರೂ ಕಿವಿಗೊಡಲಿಲ್ಲ. ಉತ್ತರ ಆರು ವರ್ಷಗಳ ನಂತರ ಹೆದ್ದಾರಿಗಳ ಮೇಲೆ ಸಿಕ್ಕಿತು. ಸ್ಕೋಕಿಯ ಹಳೆಯ ಕಾರಿನಲ್ಲಿ ಆರದೆ ಉರಿಯುವ ದೀಪವೂ ಒಂದು ಪ್ರಶ್ನೆಯನ್ನೇ ಕೇಳುತ್ತಿದೆ. ಟೇಪು ಅಂಟಿಸಿದರೆ ಅದು ಕಾಣದಾಗುತ್ತದೆ, ಹೊಸ ಕಾರು ಕೊಂಡರೆ ಹತ್ತು ವರ್ಷ ಮುಂದಕ್ಕೆ ಹೋಗುತ್ತದೆ. ಆರಿಸುವ ದಾರಿ ಇವೆರಡೂ ಅಲ್ಲ.